ಚಾಪೆಗೆ ಬಿದ್ದ ನಾಣ್ಯ

“ಮತ್ತೆ ನಡುವೆ ಬಾಯಿ ಹಾಕಿದೆಯಾ? ಮೊಗ್ಗು ಪೋಣಿಸುವಾಗ ಮಾತಾಡಿಸಬೇಡ ಎಂದು ಹೇಳಿ ಹೇಳಿ ನನ್ನ ನಾಲಗೆ ಸವೆಯಿತು. ನೋಡು, ಸಾಲು ತಪ್ಪಿಯೇ ಹೋಯಿತು. ಅದೇನು ಕೇಳಬೇಕೋ ಕೇಳಿ ಮುಗಿಸು.”

ಹೀಗೆ ಗದರಿದವರು ಕೊಟ್ರಮ್ಮ. ಕೂದಲು ಕತ್ತರಿಸುವುದನ್ನೂ ಮದುವಣಗಿತ್ತಿಯರನ್ನು ಸಿಂಗರಿಸುವುದನ್ನೂ ಹೆಣ್ಣುಮಕ್ಕಳಿಗೆ ಕಲಿಸುವ ಗುರು. ಗದರಿಸಿಕೊಂಡವಳು ಶಿಷ್ಯೆ ವಿಶಾಲಾಕ್ಷಿ. ಎರಡು ವರ್ಷ ಕೊಟ್ರಮ್ಮನವರ ಪಾರ್ಲರಿನಲ್ಲೇ ದುಡಿದು ಕೆಲಸ ಕಲಿತವಳು. ಮರುದಿನ ತನ್ನದೇ ಅಂಗಡಿ ತೆರೆಯಲಿದ್ದಳು.

“ಅಕ್ಕಾ, ನಿಮ್ಮ ಕೈಕೆಳಗೆ ಇದ್ದಾಗ ಗಿರಾಕಿಗಳು ದರದ ಮೇಲೆ ಖುಷಿ ಅಂತ ಏನಾದರೂ ಕೊಡುತ್ತಿದ್ದರು, ತೆಗೆದುಕೊಳ್ಳುತ್ತಿದ್ದೆ. ನಾಳೆಯಿಂದ ನಾನೇ ಒಡತಿ. ದರ ಹಾಕುವವಳೂ ನಾನೇ. ಒಡತಿಯಾದ ಮೇಲೂ ಟಿಪ್ಸಿಗೆ ಕೈ ಚಾಚಿದರೆ ಜನ ನಗುತ್ತಾರೆ ಅಂತ ನಮ್ಮ ಅತ್ತೆ ಅನ್ನುತ್ತಾರೆ. ಬೇಡವೆಂದರೆ ಕೊಡುವವರಿಗೆ ಬೇಸರ. ತೆಗೆದುಕೊಳ್ಳಲೋ, ಬಿಡಲೋ?”

ಕೊಟ್ರಮ್ಮ ಸೂಜಿಯನ್ನು ಬಾಳೆಪಟ್ಟೆಗೆ ಚುಚ್ಚಿಟ್ಟು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಜಡೆ ಹೆಣೆಯುವವಳು ಇದ್ದಳು. ಬಹಳ ಕಾಲ ಬೇರೊಬ್ಬಳ ಮನೆಯಲ್ಲಿ ಕೂಲಿಗೆ ಹೆಣೆದಳು. ಆ ಪೇಟೆಯ ದೊಡ್ಡ ಮನೆಯ ಹೆಂಗಸರಿಗೆ ಒಂದು ಅಭ್ಯಾಸವಿತ್ತು. ಜಡೆ ಹಾಕಿಸಿಕೊಂಡು ಎದ್ದವರು ದರವನ್ನು ಒಡತಿಯ ತಟ್ಟೆಗೆ ಹಾಕುತ್ತಿದ್ದರು, ಖುಷಿಯ ನಾಣ್ಯವನ್ನು ಚಾಪೆಯ ಮೇಲೆ ಎಸೆಯುತ್ತಿದ್ದರು. ಹೆಣೆದವಳು ಬಗ್ಗಿ ಹೆಕ್ಕಿಕೊಳ್ಳುತ್ತಿದ್ದಳು. ಎಸೆದವರಿಗೂ ಅದು ತಪ್ಪೆನಿಸಿರಲಿಲ್ಲ, ಹೆಕ್ಕಿದವಳಿಗೂ ಅನಿಸಿರಲಿಲ್ಲ.

ಒಡತಿ ತೀರಿಕೊಂಡಳು. ಹೆಣೆಯುವವಳು ತನ್ನ ಕಿವಿಯೋಲೆ ಮಾರಿ ಒಂದು ಕನ್ನಡಿ ತಂದಳು, ತನ್ನ ಜಗುಲಿಯಲ್ಲಿ ತನ್ನದೇ ಚಾಪೆ ಹಾಸಿದಳು.

ಮೊದಲಿಗೆ ಬಂದವಳು ಒಬ್ಬ ವ್ಯಾಪಾರಿಯ ಹೆಂಡತಿ. ಜಡೆ ಚೆನ್ನಾಗಿ ಬಂದಿತ್ತು. ಅವಳು ದರವನ್ನು ತಟ್ಟೆಗೆ ಹಾಕಿದಳು. ಆಮೇಲೆ ಒಂದು ಬೆಳ್ಳಿ ನಾಣ್ಯವನ್ನು ಚಾಪೆಗೆ ಎಸೆದಳು. ಹೆಣೆಯುವವಳ ಬೆನ್ನು ರೂಢಿಯಂತೆ ಬಾಗಿತು. ಅರ್ಧಕ್ಕೆ ನಿಂತಿತು.

“ಅಮ್ಮಾ, ಕೈಗೆ ಕೊಡಿ.”

“ನಿನ್ನೆ ಮೊನ್ನೆಯವರೆಗೂ ಹೆಕ್ಕುತ್ತಿದ್ದವಳು. ಇವತ್ತೇನಾಯಿತು, ಸೊಂಟ ಹಿಡಿಯಿತೇ?”

“ಇಷ್ಟು ಹೊತ್ತು ತಲೆಯನ್ನೇ ನನ್ನ ಕೈಗೆ ಕೊಟ್ಟು ಕೂತಿದ್ದಿರಿ. ಒಂದು ನಾಣ್ಯ ಕೊಡಲಾರಿರಾ?”

“ಜಗುಲಿ ಸಿಕ್ಕಿದರೆ ಸಿಂಹಾಸನ ಸಿಕ್ಕಿದ ಹಾಗೆ ಆಡಬೇಡ” ಎಂದು ವ್ಯಾಪಾರಿಯ ಹೆಂಡತಿ ಹೊರಟುಹೋದಳು. ನಾಣ್ಯ ಬಿದ್ದಲ್ಲೇ ಬಿದ್ದಿತ್ತು.

ಅವಳು ದೊಡ್ಡ ಮನೆಗಳಿಗೆಲ್ಲ ಹೋಗಿ, ಆ ಜಡೆ ಹೆಣೆಯುವವಳಿಗೆ ಕೊಬ್ಬು, ಯಾರೂ ಅವಳ ಬಳಿ ಹೋಗಬೇಡಿ ಎಂದಳು. ಯಾರೂ ಹೋಗಲಿಲ್ಲ. ಸೊಪ್ಪು ಮಾರುವವರು, ನೂಲು ತೆಗೆಯುವವರು ಮಾತ್ರ ಬಂದರು. ಅವರು ಕೊಡುವುದರಲ್ಲಿ ಒಲೆ ದಿನಕ್ಕೊಮ್ಮೆ ಉರಿಯುತ್ತಿತ್ತು.

ಗಂಡ ಹೇಳಿದ: “ಅಕ್ಕಿಯ ಮಡಕೆ ತಳ ಕಾಣುತ್ತಿದೆ. ಬೆಳ್ಳಿ ನಮ್ಮ ಚಾಪೆಯ ಮೇಲೇ ಮಲಗಿದೆ. ಎತ್ತಿಕೊಂಡರೆ ನಿನ್ನ ಗಂಟೇನು ಹೋಗುತ್ತದೆ ಮಾರಾಯ್ತಿ?”

“ನನ್ನದಾಗಿದ್ದರೆ ನನ್ನ ಕೈಗೆ ಬರುತ್ತಿತ್ತು. ಅದು ಅವರದು. ಬೀಳಿಸಿಕೊಂಡು ಹೋಗಿದ್ದಾರೆ” ಎಂದಳು ಅವಳು.

ಬೆಳಿಗ್ಗೆ ಎದ್ದು ಜಗುಲಿ ಗುಡಿಸುವಾಗ ನಾಣ್ಯದ ಸುತ್ತ ಗುಡಿಸುತ್ತಿದ್ದಳು. ಗಿರಾಕಿಗಳನ್ನು ನಾಣ್ಯದ ಪಕ್ಕಕ್ಕೆ ಕೂರಿಸುತ್ತಿದ್ದಳು. ಇದೇಕೆ ಇಲ್ಲಿದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ವ್ಯಾಪಾರಿಗಳ ಮನೆಯ ಅಮ್ಮನದು. ಬಿದ್ದದ್ದು ಗೊತ್ತಾಗಿಲ್ಲ, ಪಾಪ. ಬಂದು ತೆಗೆದುಕೊಳ್ಳುತ್ತಾರೆ.” ಅದರಲ್ಲಿ ಒಂದು ಕೊಂಕೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಕೊಂಕಾಗಿತ್ತು.

ಮಾತು ಸೊಪ್ಪಿನ ಬುಟ್ಟಿಯ ಜೊತೆ ಕೇರಿ ಕೇರಿ ಸುತ್ತಿತು. ಕೊನೆಗೆ ವ್ಯಾಪಾರಿಯ ಅಂಗಡಿಗೆ ಬಂತು. ಒಬ್ಬ ರೈತ ತನ್ನ ಹಣವನ್ನು ಅವನ ಬಳಿ ಕಾಪಿಡಲು ಕೊಟ್ಟಿದ್ದ. ಅವನು ಬಂದು ವಾಪಸು ಕೇಳಿದ.

“ಯಾಕಪ್ಪಾ, ನನ್ನ ಮೇಲೆ ನಂಬಿಕೆ ಇಲ್ಲವೇ?” ಎಂದ ವ್ಯಾಪಾರಿ.

“ನಂಬಿಕೆ ಇದೆ, ಸಾಹುಕಾರರೇ. ಆದರೆ ತಮ್ಮ ಬೆಳ್ಳಿ ಎಲ್ಲಿ ಬಿತ್ತೆಂದು ನಿಮ್ಮ ಮನೆಯವರಿಗೇ ಗೊತ್ತಾಗುವುದಿಲ್ಲವಂತೆ. ನನ್ನದು ತಾಮ್ರ. ಅದು ಬಿದ್ದರೆ ಸದ್ದೂ ಬಾರದು.”

ವ್ಯಾಪಾರಿ ಅಂಗಡಿ ಅರ್ಧಕ್ಕೆ ಮುಚ್ಚಿ ಮನೆಗೆ ಹೋದ. “ಹೋಗು, ಅದನ್ನು ಎತ್ತಿಕೊಂಡು ಬಾ” ಎಂದ.

“ಅವಳೆದುರು ನಾನು ಬಗ್ಗಬೇಕೇ?”

“ನೀನು ಬಗ್ಗದಿದ್ದರೆ ಅಂಗಡಿ ಮಗುಚುತ್ತದೆ.”

ವ್ಯಾಪಾರಿಯ ಹೆಂಡತಿ ಬಂದಳು. ಆ ಹೊತ್ತಿಗೆ ಬೀದಿಯ ಹೆಂಗಸರಿಗೆಲ್ಲ ಮನೆಯ ಹೊರಗೇ ಕೆಲಸ. ಒಬ್ಬಳು ತೊಳೆದಿಟ್ಟ ಕೊಡವನ್ನೇ ಮತ್ತೆ ತೊಳೆಯುತ್ತಿದ್ದಳು. ವ್ಯಾಪಾರಿಯ ಹೆಂಡತಿ ಯಾರನ್ನೂ ನೋಡದೆ ಜಗುಲಿ ಹತ್ತಿದಳು, ಬಗ್ಗಿದಳು, ನಾಣ್ಯ ಎತ್ತಿಕೊಂಡಳು. ಬಗ್ಗಿದಾಗ ಅವಳ ಜಡೆ ಜಾರಿ ಮುಂದಕ್ಕೆ ಬಂತು. ಬೀದಿ ನಗಲು ಬಾಯಿ ತೆರೆಯಿತು.

ಹೆಣೆಯುವವಳು ಬೀದಿಯ ಕಡೆ ಒಮ್ಮೆ ತಿರುಗಿ ನೋಡಿದಳು. ತೆರೆದ ಬಾಯಿಗಳು ಮುಚ್ಚಿದವು.

“ಇದನ್ನು ಹೆಣೆದದ್ದು ಯಾರಮ್ಮಾ? ಎತ್ತಿಗೆ ಹಗ್ಗ ಹೊಸೆದಂತಿದೆ. ಬಂದದ್ದು ಬಂದಿರಿ, ಕೂತುಕೊಳ್ಳಿ” ಎಂದಳು.

ವ್ಯಾಪಾರಿಯ ಹೆಂಡತಿ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು. ಅವಳ ಕೆಲಸ ಮುಗಿದಿತ್ತು, ಇಳಿದು ಹೋಗಬಹುದಿತ್ತು. ಕೂತಳು. ಹೆಣೆಯುವವಳು ಸಿಕ್ಕು ಬಿಡಿಸಿದಳು, ಎಣ್ಣೆ ಹಚ್ಚಿದಳು, ಎಂದಿಗಿಂತ ಒಂದು ಎಳೆಯೂ ಕಡಿಮೆಯಿಲ್ಲದಂತೆ ಹೆಣೆದಳು. ಕನ್ನಡಿ ಹಿಡಿದಳು.

ವ್ಯಾಪಾರಿಯ ಹೆಂಡತಿ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಎದ್ದು ದರವನ್ನು ತಟ್ಟೆಗೆ ಹಾಕಿದಳು. ಆಮೇಲೆ ಹೆಣೆಯುವವಳ ಕೈ ಹಿಡಿದಳು, ಎಣ್ಣೆ ಮೆತ್ತಿದ ಬೆರಳುಗಳನ್ನು ತಾನೇ ಬಿಡಿಸಿದಳು, ನಾಣ್ಯವನ್ನು ಅಂಗೈಯ ನಡುವೆ ಇಟ್ಟಳು.

“ಜಡೆ ಚೆನ್ನಾಗಿದೆ ಕಣೇ” ಎಂದಳು.

ಹೆಣೆಯುವವಳು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀದಿಯಲ್ಲಿ ಯಾರೋ ಸೋಬಾನೆ ಎತ್ತಿದರು. ಕೊಡ ತೊಳೆಯುತ್ತಿದ್ದವಳು ಕೊಡವನ್ನೇ ಬಡಿದು ತಾಳ ಹಾಕಿದಳು. ಅಂದು ಆ ಮನೆಯಲ್ಲಿ ಎರಡು ಹೊತ್ತೂ ಒಲೆ ಉರಿಯಿತು. ಮರುದಿನ ದೊಡ್ಡ ಮನೆಗಳ ಹೆಂಗಸರು ಸಾಲಾಗಿ ಬಂದರು. ಆಮೇಲೆ ಆ ಪೇಟೆಯ ಯಾವ ಚಾಪೆಯ ಮೇಲೂ ನಾಣ್ಯ ಬೀಳಲಿಲ್ಲ.

ಕೊಟ್ರಮ್ಮ ಕತೆ ನಿಲ್ಲಿಸಿ ಮತ್ತೆ ಸೂಜಿ ಹಿಡಿದರು.

ವಿಶಾಲಾಕ್ಷಿ ತಾನೇ ಗೆದ್ದವಳಂತೆ ಎದ್ದು ನಿಂತಳು. “ತಿಳಿಯಿತು ಅಕ್ಕಾ. ನಾನು ಒಡತಿಯಾದರೇನು, ಕೂಲಿಯವಳಾದರೇನು! ಮನಸ್ಸು ತುಂಬಿ ಕೈಗೆ ಕೊಟ್ಟರೆ ಕಣ್ಣಿಗೊತ್ತಿಕೊಳ್ಳುತ್ತೇನೆ. ಎಸೆದರೆ ರಾಣಿಯೇ ಬಂದರೂ ಮುಟ್ಟುವುದಿಲ್ಲ. ಇನ್ನೇನೂ ಅನುಮಾನವಿಲ್ಲ.”

ಕೊಟ್ರಮ್ಮ ತಲೆ ಎತ್ತದೆ ಒಂದು ಮೊಗ್ಗು ಪೋಣಿಸಿ ಕೇಳಿದರು:

“ನೀನು ಕತ್ತರಿಸಿ ಬೀಳಿಸಿದ ಕೂದಲನ್ನು ಇಷ್ಟು ದಿನ ಇಲ್ಲಿ ಗುಡಿಸಿದಳಲ್ಲ ದುರುಗಮ್ಮ, ಅವಳಿಗೆ ಏನಾದರೂ ಕೊಡುವಾಗ ನಿನ್ನ ಕೈ ಅವಳ ಕೈಗೆ ಒಮ್ಮೆಯಾದರೂ ತಾಗಿದೆಯೇ?”