ಹೊರಡದ ಪಿಕಪ್ಪಿಗೆ ಮೂರು ಒಗಟು

“ಕೇಳಿರಿ, ಕೆಂಚನಗಿರಿಯ ಪ್ರಜೆಗಳೇ. ದೊರೆಗಳ ಅಜ್ಜನ ಕಾಲದ ಪಿಕಪ್ ಗಾಡಿಯ ಕಾರ್ಬುರೇಟರ್ ಕಿತ್ತು, ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕೂರಿಸಲಾಗಿದೆ. ಗಾಡಿ ಹೊರಡುತ್ತಿಲ್ಲ. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಅರ್ಧ ರಾಜ್ಯ. ಒಂದು ತಪ್ಪಿದರೂ ಶುಕ್ರವಾರ ತಲೆ ತೆಗೆಯಲಾಗುವುದು.”

ಡಂಗುರದವನು ಹೀಗೆ ಸಾರಿದ. ರಾಜ್ಯವೆಂದರೆ ಒಂದು ಕೋಟೆ, ನಾಲ್ಕು ಕೆರೆ, ಅರವತ್ತು ಜನ ಆಸ್ಥಾನಿಕರು. ಅವರಲ್ಲಿ ಬಾನೆಟ್ ಎತ್ತಲು ಬರುವವನು ಒಬ್ಬನೂ ಇರಲಿಲ್ಲ. ಇಂಜೆಕ್ಷನ್ ಕೂರಿಸಿದವಳು ರಾಜಕುಮಾರಿ ಚೆಲುವಾಂಬೆಯೇ, ಜೊತೆಗೆ ಬಂದ ಪುಸ್ತಕ ಓದಿಕೊಂಡು.

ಮೊದಲು ಬಂದವನು ವಿಶ್ವಂಭರರಾಯ. ಮೂರು ದೇಶದಲ್ಲಿ ಓದಿದವನು, ಗಾಡಿಯಿಂದ ಹತ್ತು ಅಡಿ ದೂರದಲ್ಲೇ ನಿಂತ.

“ಹೊಗೆಯ ದಾರಿಯಲ್ಲಿ ಕೂತಿರುತ್ತದೆ. ಕಟ್ಟಿಗೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅಡುಗೆಯವನಿಗೆ ಹೇಳಿ ಕಳಿಸುತ್ತದೆ. ಏನದು?” ಎಂದಳು ರಾಜಕುಮಾರಿ.

ರಾಯ ಕನ್ನಡಕ ಒರೆಸಿಕೊಂಡ. “ಅಡುಗೆಯವನ ಹೆಂಡತಿ.”

ಆಸ್ಥಾನ ತಲೆದೂಗಿತು. “ಕರೆದುಕೊಂಡು ಹೋಗಿ,” ಎಂದಳು ಚೆಲುವಾಂಬೆ.

ಆಮೇಲೆ ಸಾಹುಕಾರರ ಮಗ ರೇವಣ್ಣ, ಹತ್ತು ಬೆರಳಿಗೂ ಉಂಗುರ. ಅವನಿಗೆ ಮೊದಲು ಕೇಳಿದ್ದೇ ಎರಡನೆಯ ಒಗಟು. “ಊಟಕ್ಕೆ ಹೊರಟವರು ನೂರು, ಒಳಗೆ ಬಿಟ್ಟದ್ದು ಮೂವತ್ತು. ಉಳಿದವರು ಬಂದ ಮನೆಗೇ ಮರಳಿದರು. ಮರಳದಿದ್ದರೆ ಬಾಗಿಲೇ ಒಡೆಯುತ್ತಿತ್ತು. ಯಾರವರು?”

“ನಮ್ಮ ಮನೆ ಮದುವೆಗೆ ಬಂದ ನೆಂಟರು. ನಾನೇ ಬಾಗಿಲಲ್ಲಿ ನಿಂತು ಕಳಿಸಿದ್ದೆ.”

ಅವನೂ ಸೆರೆಮನೆ ಸೇರಿದ.

ಮೂರನೆಯವನು ಕರಿಲಿಂಗ. ಕೋಟೆಯ ಹೊರಗೆ ಪಂಚರ್ ಹಾಕುವವನು, ಟ್ರಾಕ್ಟರುಗಳ ಲೈಟು, ಹಾರನ್ನು ರಿಪೇರಿ ಮಾಡುವವನು. ಅವನ ಕಪ್ಪು ಕೈ ನೋಡಿ ಮಂತ್ರಿ ಮೂಗು ಮುಚ್ಚಿಕೊಂಡ. “ಏನಪ್ಪಾ, ಗಾಳಿ ಹಾಕೋಕೆ ಬಂದ್ಯಾ?”

“ಇಲ್ಲಿ ಗಾಳಿಗೇನೂ ಕೊರತೆ ಕಾಣಲ್ಲ ಬುದ್ಧಿ.”

ಮೊದಲ ಒಗಟು ಕೇಳಿ ಅವನೆಂದ: “ಹೊಗೆ ಪೈಪಿಗೆ ಹಾಕೋ ಆಕ್ಸಿಜನ್ ಸೆನ್ಸರ್, ಅಮ್ಮಾವ್ರೇ. ಅಡುಗೆಯವನು ಅಂದ್ರೆ ಕಂಪ್ಯೂಟರ್.” ಎರಡನೆಯದಕ್ಕೆ: “ಪೆಟ್ರೋಲು. ಪಂಪು ಬೇಕಾದ್ದಕ್ಕಿಂತ ಹೆಚ್ಚು ದೂಡ್ತದೆ. ಇಂಜಿನ್ ಕುಡಿದು ಮಿಕ್ಕಿದ್ದು ಬೇರೆ ಪೈಪಲ್ಲಿ ಟ್ಯಾಂಕಿಗೆ ವಾಪಸ್.”

ಮೂರನೆಯದಕ್ಕೆ ಬರುವಾಗ ಚೆಲುವಾಂಬೆಯ ದನಿ ಇಳಿಯಿತು. “ಬ್ಯಾಟರಿ ಹೊಸದು, ತಂತಿ ಹೊಸದು, ಪಂಪು ಹೊಸದು. ಎಲ್ಲ ಪುಸ್ತಕದಲ್ಲಿದ್ದ ಹಾಗೇ. ಆದರೂ ಕಂಪ್ಯೂಟರಿಗೆ ಜೀವ ಬರುವುದಿಲ್ಲ. ಯಾಕೆ?”

“ಉತ್ತರ ನಿಮಗೆ ಗೊತ್ತಾ?”

“ಇಲ್ಲ.”

“ಹಾಗಾದ್ರೆ ನಾನು ತಪ್ಪಿದ್ದು ಹೇಗೆ ಗೊತ್ತಾಗ್ತದೆ?”

“ಗಾಡಿ ಹೊರಡುವುದಿಲ್ಲ.”

ಕರಿಲಿಂಗ ಗಾಡಿಯ ಕೆಳಗೆ ತೂರಿದ. ವರ್ಷಕ್ಕೊಂದು ಸಲ, ಪಟ್ಟಾಭಿಷೇಕವಾದ ತಿಥಿಯಂದು, ಈ ಗಾಡಿಗೆ ಬಣ್ಣ ಬಳಿಯುವುದು ಅರಮನೆಯ ಪದ್ಧತಿ. ಹಳೆಯದನ್ನು ಕೆರೆಯುವಂತಿಲ್ಲ; ಅದು ಹಿರಿಯ ದೊರೆಗಳ ಬಣ್ಣ. ಎಪ್ಪತ್ತೊಂದು ಪದರ, ಅಡಿಯ ಕಬ್ಬಿಣದ ಚಾಸಿಸ್ಸನ್ನೂ ಬಿಟ್ಟಿಲ್ಲ. ಕಂಪ್ಯೂಟರಿನ ಅರ್ಥಿಂಗ್ ತಂತಿಯ ಬೋಲ್ಟು ಆ ಬಣ್ಣದ ಮೇಲೇ ಕೂತಿತ್ತು. ಅವನು ಬೋಲ್ಟು ಬಿಚ್ಚಿ ಸ್ಕ್ರೂಡ್ರೈವರ್ ಊರಿದ.

“ಕೆರೆದರೆ ರಾಜದ್ರೋಹ,” ಎಂದ ಮಂತ್ರಿ.

“ಕೆರೀದಿದ್ರೂ ಶುಕ್ರವಾರ, ಕೆರೆದ್ರೂ ಶುಕ್ರವಾರ.”

ಹಸಿರು ಹೋಗಿ ಹಳದಿ ಬಂತು, ಹಳದಿ ಹೋಗಿ ಕೆಂಪು. ರೂಪಾಯಿಯಗಲ ಕಬ್ಬಿಣ ಬೆಳ್ಳಗೆ ಕಂಡ ಮೇಲೆ ತಂತಿ ಇಟ್ಟು ಬೋಲ್ಟು ಬಿಗಿದ. ಚೆಲುವಾಂಬೆ ಕೀಲಿ ತಿರುಗಿಸಿದಳು. ಪಂಪು ಗುಂಯ್ ಎಂದಿತು. ಇನ್ನೊಮ್ಮೆ ತಿರುಗಿಸಿದಳು, ಇಂಜಿನ್ ಎದ್ದು ತಣ್ಣಗೆ ಓಡತೊಡಗಿತು.

“ಬಂದ ಕರೆಂಟು ಹಿಂದಕ್ಕೆ ಹೋಗೋಕೆ ಕಬ್ಬಿಣ ಸಿಗಬೇಕು,” ಎಂದ ಕರಿಲಿಂಗ. “ತಂತಿಯನ್ನ ಬಣ್ಣಕ್ಕೆ ಕಟ್ಟಿದ್ರಿ. ಬಣ್ಣ ಕರೆಂಟು ಹೊರಲ್ಲ.”

“ಅದು ನಮ್ಮ ವಂಶದ ಬಣ್ಣ,” ಎಂದರು ದೊರೆ ಗಂಗರಸರು.

“ಹೌದು ಬುದ್ಧಿ. ತೊಂದರೆ ಅದೇ.”

ಮಾತು ಮಾತೇ. ಎರಡು ಕೆರೆಯಿರುವ ಅರ್ಧ ರಾಜ್ಯ ಅವನದಾಯಿತು. ಇನ್ನೇನು ಬೇಕೆಂದು ದೊರೆ ಕೇಳಿದಾಗ ಸೆರೆಯಲ್ಲಿದ್ದ ಇಬ್ಬರನ್ನು ತನಗೆ ಬಿಟ್ಟುಕೊಡಲು ಕರಿಲಿಂಗ ಕೇಳಿದ. “ಅವರ ತಲೆ ಅವರಿಗೇ ಉಪಯೋಗಕ್ಕೆ ಬಂದಿಲ್ಲ, ನಿಮಗೆ ಯಾಕೆ? ಕೈ ನನಗೆ ಕೊಡಿ. ಮಿಕ್ಕ ಬಣ್ಣ ಕೆರೀಬೇಕು.”

“ರಾಜಕುಮಾರಿ?” ಎಂದರು ದೊರೆ.

“ಅದನ್ನು ನಾವಿಬ್ಬರು ದಾರಿಯಲ್ಲಿ ಮಾತಾಡಿಕೊಳ್ಳುತ್ತೇವೆ,” ಎಂದಳು ಚೆಲುವಾಂಬೆ. “ಗಾಡಿ ಹತ್ತು, ಕರಿಲಿಂಗ.”

ದೊರೆ ಮುಂದಿನ ಬಾಗಿಲಿಗೆ ಕೈ ಹಾಕಿದರು.

“ಇರೋದು ಎರಡೇ ಸೀಟು, ಅಪ್ಪಾಜಿ. ಹಿಂದೆ ಬೇಕಾದಷ್ಟು ಜಾಗ ಇದೆ.”

ಕೆಂಚನಗಿರಿಯ ದೊರೆ ಒಂದು ಕೈಯಲ್ಲಿ ಕಿರೀಟ, ಇನ್ನೊಂದು ಕೈಯಲ್ಲಿ ಪಿಕಪ್ಪಿನ ಹಿಂಬದಿಯ ಕಂಬಿ ಹಿಡಿದು, ನಿಂತುಕೊಂಡೇ ತಮ್ಮ ಊರು ಸುತ್ತಿದರು.