ಗವಿಯಪ್ಪ ಗುರುಗಳಿಗೆ ಮಂಚ ಹುಡುಕಿದ್ದು

ನದಿ ದಂಡೆಯ ಮೇಲೆ ಒಂದು ಆಶ್ರಮ. ದೊಡ್ಡದೇನಲ್ಲ. ಎರಡು ಕೋಣೆ, ಒಂದು ಹುಣಸೆ ಮರ, ಒಬ್ಬ ಗುರು, ಒಬ್ಬ ಶಿಷ್ಯ.

ಮೊದಲು ಶಿಷ್ಯರು ತುಂಬ ಜನ ಇದ್ದರು. ಜ್ಞಾನ ಸಿಕ್ಕಿದವರು ಹೊರಟು ಹೋದರು. ಸಿಗಲಿಲ್ಲ ಅಂತ ಬೇಜಾರಾದವರೂ ಹೊರಟು ಹೋದರು. ಕೊನೆಗೆ ಉಳಿದವನು ಗವಿಯಪ್ಪ. ಸಿಕ್ಕಿತೋ ಇಲ್ಲವೋ ಅನ್ನೋದೇ ಅವನಿಗೆ ಗೊತ್ತಾಗಿರಲಿಲ್ಲ.

ಗುರುಗಳ ಹೆಸರು ಅಡವಯ್ಯ. ಎಲ್ಲರೂ ಮರ್ಯಾದೆಗೆ ‘ಬುದ್ಧಿ’ ಅಂತಲೇ ಕರೆಯೋರು. ಗುರು ಅಂದಮೇಲೆ ಎದೆಮಟ್ಟ ಗಡ್ಡ ಇರಬೇಕು ಅಂತ ನೀವು ಅಂದುಕೊಂಡಿದ್ದರೆ, ಇರಲಿಲ್ಲ. ಕ್ಷೌರ ಮಾಡುತ್ತಿದ್ದವನು ಗವಿಯಪ್ಪ. ಹಾಗಾಗಿ ಅಲ್ಲೊಂದು ಪೊದೆ, ಇಲ್ಲೊಂದು ಬಯಲು.

ಒಂದು ದಿನ ಬುದ್ಧಿ ಸ್ನಾನಕ್ಕೆ ಇಳಿಯುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಮೇಲೆ ಎದ್ದು ನಿಲ್ಲಲಿಲ್ಲ.

ಗವಿಯಪ್ಪ ಎತ್ತಿ ಕೂರಿಸಿದ, ಎತ್ತಿ ಮಲಗಿಸಿದ, ಎತ್ತಿ ತೊಳೆದ. ಅವನೇನು ಹುಡುಗನಾ? ಐವತ್ತು ದಾಟಿದ್ದ. ಹರ್ನಿಯಾ ಆಯಿತು.

ಡಾಕ್ಟರು ಹೇಳಿದರು: “ಇನ್ನು ಭಾರ ಎತ್ತಿದರೆ ಗುರುಗಳ ಪಕ್ಕ ನಿನಗೂ ಒಂದು ಮಂಚ ಹಾಕಬೇಕಾಗುತ್ತೆ. ಆಗ ಇಬ್ಬರನ್ನೂ ಎತ್ತೋರು ಯಾರು ಅಂತ ನೋಡ್ಕೋ.”

ಊರಿನಲ್ಲಿ ಸಹಾಯ ಕೇಳಿದ.

“ಪಾದಪೂಜೆ ಇದ್ದರೆ ಹೇಳಪ್ಪ, ಮನೆಗೊಬ್ಬರು ಬರ್ತೀವಿ,” ಅಂದರು ಊರಿನವರು. “ಪಾಯಿಖಾನೆಗೆ ಎತ್ತಿ ಕೂರಿಸೋಕೆ ಮಾತ್ರ ಕರೀಬೇಡ.”

ಗವಿಯಪ್ಪ ಗುರುಗಳ ಮುಂದೆ ಬಂದು ನಿಂತ. ಅವರ ಮುಖ ನೋಡಲಿಲ್ಲ. ಹುಣಸೆ ಮರ ನೋಡಿದ.

“ಬುದ್ಧೀ, ಪೇಟೆಯಲ್ಲಿ ಒಂದು ವೃದ್ಧಾಶ್ರಮ ಇದೆಯಂತೆ. ಹಾಸಿಗೆ ಹಿಡಿದವರನ್ನೂ ಇಟ್ಕೊಂಡು ನೋಡ್ಕೊಳ್ತಾರಂತೆ.”

“ನಮ್ಮದೂ ಆಶ್ರಮವೇ. ಅವರು ಮುಂದೆ ‘ವೃದ್ಧ’ ಅಂತ ಒಂದು ಸೇರಿಸ್ಕೊಂಡಿದಾರೆ, ಅಷ್ಟೇ ತಾನೇ?” ಅಂದರು ಬುದ್ಧಿ. “ಹೋಗಿ ನೋಡ್ಕೊಂಡು ಬಾ. ನೀನು ಚೆನ್ನಾಗಿದೆ ಅಂದರೆ ಹೋಗ್ತೀನಿ. ನೀನು ಹೇಳದೆ ಹೋಗಲ್ಲ.”

ಇಷ್ಟು ವರ್ಷದಲ್ಲಿ ಗವಿಯಪ್ಪನ ಯಾವ ಉತ್ತರವನ್ನೂ ಬುದ್ಧಿ ಸರಿ ಅಂದವರಲ್ಲ. ಈಗ ಅವರ ಉಳಿದ ಬದುಕೆಲ್ಲ ಅವನ ಉತ್ತರದ ಮೇಲೆ ನಿಂತಿತ್ತು.

ಹೋದ. ಬಂದ.

“ಚೆನ್ನಾಗಿದೆ ಬುದ್ಧಿ. ನೆಲ ಹೇಗೆ ಹೊಳೆಯುತ್ತೆ ಅಂದರೆ, ಬಗ್ಗಿದರೆ ನನ್ನ ಮುಖವೇ ಕಂಡಿತು.”

“ಅದು ಚೆನ್ನಾಗಿತ್ತಾ?”

“ತಮಾಷೆ ಬೇಡಿ ಬುದ್ಧಿ. ಟಿವಿ ಇದೆ. ಎಲ್ಲಾ ದೇವರ ಫೋಟೋನೂ ಇದೆ. ಫಿನಾಯಿಲ್ ವಾಸನೆ ಗೇಟಿನ ತನಕ ಬರುತ್ತೆ.”

“ಯಾರನ್ನ ಕೇಳಿದೆ?”

“ಮ್ಯಾನೇಜರನ್ನೇ ಕೇಳಿದೆ. ಸೇವೆ ಹೇಗಿದೆ ಸಾರ್ ಅಂದೆ. ಫಸ್ಟ್ ಕ್ಲಾಸ್ ಅಂದರು.”

“ಹೋಟೆಲಿನವನನ್ನೇ ಇಡ್ಲಿ ಹೇಗಿದೆ ಅಂತ ಕೇಳಿ ಬಂದೆ. ಮತ್ತೆ ಹೋಗು.”

ಮತ್ತೆ ಹೋದ. ಮತ್ತೆ ಬಂದ.

“ಈ ಸಲ ಮಂಚದಲ್ಲಿ ಮಲಗಿದ್ದವರನ್ನೇ ಕೇಳಿದೆ ಬುದ್ಧಿ. ಚೆನ್ನಾಗಿ ನೋಡ್ಕೊಳ್ತಾರೆ ಅಂತಲೇ ಎಲ್ಲರೂ ಅಂದರು. ಒಬ್ಬ ಅಜ್ಜಿಯಂತೂ ಕೈ ಮುಗಿದುಬಿಟ್ಟರು.”

“ನಿನಗಾ?”

“ನನಗಲ್ಲ. ನನ್ನ ಹಿಂದಕ್ಕೆ.”

“ಹಿಂದೆ ಯಾರಿದ್ದರು?”

“ಮ್ಯಾನೇಜರು.”

ಗವಿಯಪ್ಪ ತಾನಾಗಿಯೇ ಮತ್ತೆ ಚಪ್ಪಲಿ ಮೆಟ್ಟಿಕೊಂಡ.

ಈ ಸಲ ವಾಪಸ್ಸು ಬಂದದ್ದು ಕುಣಿದುಕೊಂಡು.

“ಬುದ್ಧೀ, ಇವತ್ತು ಯಾರ ಮಾತನ್ನೂ ನಂಬಲಿಲ್ಲ. ಸಂಜೆ ಮ್ಯಾನೇಜರು ಟೀಗೆ ಹೋದಾಗ ಹಿಂದಿನ ಗೇಟಿನಿಂದ ನುಗ್ಗಿದೆ. ಬರೀ ಕಣ್ಣಲ್ಲಿ ನೋಡಿದೆ. ಪ್ರತಿ ಮಂಚದ ಪಕ್ಕ ಒಂದು ಲೋಟ ನೀರು, ಮೇಲೊಂದು ಮುಚ್ಚಳ. ಬೆಳಿಗ್ಗೆಯೇ ತುಂಬಿಸಿ ಇಡೋದನ್ನ ಹೋದ ಸಲವೇ ನೋಡಿದ್ದೆ. ಮುಚ್ಚಳ ತೆಗೆದು ತೆಗೆದು ನೋಡಿದೆ. ಎಲ್ಲಾ ಕಂಠಪೂರ್ತಿ! ಒಬ್ಬರದ್ದೂ ಖಾಲಿ ಇಲ್ಲ!”

“ಈ ಬಿಸಿಲಲ್ಲಿ, ಬೆಳಿಗ್ಗೆಯಿಂದ ಸಂಜೆ ತನಕ, ಒಬ್ಬರಿಗೂ ಬಾಯಾರಲಿಲ್ಲ.”

“ಅದೇ ನೋಡಿ ಬುದ್ಧಿ. ಅಷ್ಟು ತಂಪಾದ ಜಾಗ!”

ಬುದ್ಧಿ ಮೂಲೆಯಲ್ಲಿದ್ದ ಚೊಂಬು ತೋರಿಸಿದರು.

“ಕುಡಿ.”

ಕುಡಿದ.

“ಇನ್ನೊಂದು ತುಂಬಿಸ್ಕೊಂಡು ಕುಡಿ.”

ಕುಡಿದ.

“ಇನ್ನೊಂದು.”

ಗುರು ಹೇಳಿದ್ದಲ್ಲವಾ, ಅದನ್ನೂ ಕುಡಿದ. ಹೊಟ್ಟೆ ಡೊಳ್ಳಾಯಿತು.

“ಇನ್ನು ಈ ಚಾಪೆ ಮೇಲೆ ಕೂತ್ಕೋ. ನಿನಗೂ ಸೊಂಟ ಮುರಿದಿದೆ ಅಂತ ತಿಳ್ಕೋ. ನಾನು ಎಬ್ಬಿಸೋ ತನಕ ಏಳಬಾರದು.”

ಇಷ್ಟು ಸುಲಭದ ಪಾಠ ಗವಿಯಪ್ಪನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಖುಷಿಯಾಗಿ ಕೂತ. ಸ್ವಲ್ಪ ಹೊತ್ತು.

“ಬುದ್ಧೀ, ಒಂದಕ್ಕೆ ಹೋಗಬೇಕು.”

“ಬಂದೆ ಇರು,” ಅಂದರು ಬುದ್ಧಿ, ಕಣ್ಣು ಮುಚ್ಚಿಕೊಂಡು.

ಇನ್ನೂ ಸ್ವಲ್ಪ ಹೊತ್ತು.

“ಬುದ್ಧೀ...”

“ಈಗ ತಾನೇ ಹೋಗಿ ಬಂದೆಯಲ್ಲ?”

“ಎಲ್ಲಿ ಹೋದೆ ಬುದ್ಧಿ? ಇಲ್ಲೇ ಕೂತಿದೀನಿ!”

“ನನಗೇನು ನೀನೊಬ್ಬನೇನಾ ಇರೋದು? ಇಷ್ಟೊಂದು ಮಂಚ ಇದೆ.”

ಗವಿಯಪ್ಪ ಕಾಲ ಮೇಲೆ ಕಾಲು ಹಾಕಿದ. ತುಟಿ ಕಚ್ಚಿದ. ಮಂತ್ರ ಹೇಳಿದ. ಎಲ್ಲಾ ಮಂತ್ರವೂ ಒಂದೇ ರಾಗದಲ್ಲಿ ಬಂತು. ನದಿ ಬೇರೆ ಪಕ್ಕದಲ್ಲೇ, ಬೇಕಂತಲೇ ಅನ್ನೋ ಹಾಗೆ ಜುಳುಜುಳು ಅನ್ನುತ್ತಿತ್ತು.

ನಿಮಗೆ ನಗು ಬರುತ್ತೆ. ಗವಿಯಪ್ಪನಿಗೂ ಮೊದಲು ನಗುವೇ ಬಂದಿತ್ತು.

ಆಮೇಲೆ ಚಾಪೆ ಒದ್ದೆಯಾಯಿತು.

ಐವತ್ತು ದಾಟಿದ ಗಂಡಸು, ಒದ್ದೆ ಪಂಚೆಯಲ್ಲಿ, ತಲೆ ತಗ್ಗಿಸಿಕೊಂಡು ಅಳುತ್ತಾ ಕೂತಿದ್ದ.

ಬುದ್ಧಿ ತಾವು ಹೊದ್ದಿದ್ದನ್ನು ತೆಗೆದು ಅವನ ಕಡೆ ತಳ್ಳಿದರು. ಎದ್ದು ಬಂದು ಹೊದಿಸೋ ಶಕ್ತಿ ಅವರಿಗಿರಲಿಲ್ಲ.

“ನಾಳೆ ನೀರು ಕೊಟ್ಟರೆ ಕುಡೀತೀಯಾ ಗವಿಯಪ್ಪ?”

“ಇಲ್ಲ.”

“ಬಾಯಾರಿದರೂ?”

“ಸತ್ತರೂ ಇಲ್ಲ.” ಅಂದವನು ಹಾಗೇ ತಲೆ ಎತ್ತಿದ. “ಕೂಗಿದರೆ ಯಾರೂ ಬರಲ್ಲ ಅಂತ ಅವರೆಲ್ಲ ಕುಡಿಯೋದನ್ನೇ ಬಿಟ್ಟಿದಾರೆ ಬುದ್ಧಿ.”

“ಈಗ ಯಾರಾದರೂ ಬಂದು, ಇಲ್ಲಿ ಹೇಗೆ ನೋಡ್ಕೊಳ್ತಾರೆ ಅಂತ ಕೇಳಿದರೆ ಏನಂತೀಯ?”

ಗವಿಯಪ್ಪ ಒದ್ದೆ ಪಂಚೆ ನೋಡಿಕೊಂಡ.

“ಚೆನ್ನಾಗಿ ಅಂತೀನಿ. ಇದನ್ನ ಹೇಗೆ ಹೇಳಲಿ?”

“ಇವತ್ತು ನೀನು ನಿಜವಾಗಿ ಒಳಗೆ ಹೋಗಿ ನೋಡ್ಕೊಂಡು ಬಂದೆ,” ಅಂದರು ಬುದ್ಧಿ.

ಗವಿಯಪ್ಪ ಮುಖ ಒರೆಸಿಕೊಂಡ. “ಅದು ಬೇಡ. ಬೇರೆ ಹುಡುಕ್ತೀನಿ.”

ಹುಡುಕಿದ. ಬಸ್ಸು ಹತ್ತಿ, ಇಳಿದು, ಇನ್ನೊಂದು ಬಸ್ಸು ಹತ್ತಿ ಹುಡುಕಿದ. ಒಂದು ಕಡೆ ನೆಲಕ್ಕೆ ಗ್ರಾನೈಟು. ಒಂದು ಕಡೆ ಬೆಳಿಗ್ಗೆ ಭಜನೆ. ಒಂದು ಕಡೆ ಮುದುಕರಿಗೆಲ್ಲ ಒಂದೇ ಬಣ್ಣದ ಶರಟು, ಸ್ಕೂಲ್ ಮಕ್ಕಳ ಹಾಗೆ. ಗವಿಯಪ್ಪ ಅದ್ಯಾವುದನ್ನೂ ನೋಡಲಿಲ್ಲ. ಸೀದಾ ಹೋಗಿ ಲೋಟದ ಒಳಗೆ ನೋಡಿದ.

ಎಲ್ಲಾ ಕಡೆ ತುಂಬಿತ್ತು.

ಒಂದು ಸಂಜೆ ದೂರದಿಂದಲೇ ಕೂಗಿಕೊಂಡು ಬಂದ. “ಬುದ್ಧೀ! ಸಿಕ್ಕಿತು ಬುದ್ಧಿ! ಒಂದು ಕಡೆ ಎಲ್ಲಾ ಲೋಟವೂ ಖಾಲಿ!”

ಬಿದ್ದ ದಿನದಿಂದ ಮೊದಲ ಸಲ ಬುದ್ಧಿಯ ಮುಖ ಬೆಳಗಿತು. ಗವಿಯಪ್ಪ ಅದನ್ನು ನೋಡಿದ. ನೋಡಿದ್ದೇ ತಪ್ಪಾಯಿತು.

“ಯಾವಾಗ ತುಂಬಿಸಿದ್ದರಂತೆ?” ಅಂತ ಕೇಳಿದರು ಬುದ್ಧಿ.

ಅದನ್ನು ಗವಿಯಪ್ಪ ಕೇಳಿರಲಿಲ್ಲ. ಮಾರನೆಯ ದಿನ ಮತ್ತೆ ಅಷ್ಟು ದೂರ ಹೋದ. ಬಂದವನು ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ಕೂತ.

“ತುಂಬಿಸೋದೇ ಇಲ್ಲವಂತೆ ಬುದ್ಧಿ.”

ನದಿ ಮಾತ್ರ ತನ್ನ ಪಾಡಿಗೆ ವಟವಟ ಅನ್ನುತ್ತಿತ್ತು.

“ಬೇಡ,” ಅಂದ ಗವಿಯಪ್ಪ ಕೊನೆಗೆ. “ನೀವು ಎಲ್ಲಿಗೂ ಹೋಗೋದು ಬೇಡ. ಡಾಕ್ಟರು ಏನಾದರೂ ಹೇಳಿಕೊಳ್ಳಲಿ. ನಾನೇ ನೋಡ್ಕೊಳ್ತೀನಿ.”

ಬೆಳಿಗ್ಗೆ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು, ಬುದ್ಧಿಯನ್ನು ಎರಡೂ ಕೈಯಲ್ಲಿ ಎತ್ತಿದ. ಬಚ್ಚಲ ಬಾಗಿಲ ತನಕ ಹೋದ. ಅಲ್ಲಿ ಕಿಬ್ಬೊಟ್ಟೆಯಲ್ಲಿ ಕತ್ತಿ ತಿರುವಿದ ಹಾಗಾಯಿತು. ಇಬ್ಬರೂ ಬಿದ್ದರು. ಗುರು ಕೆಳಗೆ, ಶಿಷ್ಯ ಮೇಲೆ.

“ಬುದ್ಧೀ, ಪೆಟ್ಟಾಯ್ತಾ?”

“ನೀನು ಮೇಲಿಂದ ಇಳಿದರೆ ನೋಡಿ ಹೇಳ್ತೀನಿ.”

ಗವಿಯಪ್ಪ ಹೇಗೋ ಉರುಳಿ ಪಕ್ಕಕ್ಕೆ ಬಿದ್ದ. ಏಳೋಕೆ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಹಾಗೇ ಮಲಗಿದ. ಬಾಗಿಲ ಬಿಸಿಲು ಮೆಲ್ಲಗೆ ಅವರ ಕಾಲಿನಿಂದ ಎದೆಗೆ ಬಂತು, ಎದೆಯಿಂದ ಮುಖಕ್ಕೆ ಬಂತು. ಯಾರೂ ಬರಲಿಲ್ಲ.

“ನಾನು ನಿಮ್ಮ ಕೈ ಬಿಡಲ್ಲ ಬುದ್ಧಿ,” ಅಂದ ಗವಿಯಪ್ಪ.

“ಬಿಟ್ಟೆಯಲ್ಲಪ್ಪ, ಈಗ ತಾನೇ.”

ಗವಿಯಪ್ಪ ಬಿಕ್ಕಿಬಿಕ್ಕಿ ಅತ್ತ. ಬುದ್ಧಿ ಮಲಗಿದ್ದಲ್ಲೇ ಕೈ ಚಾಚಿದರು. ಅದು ಅವನ ತಲೆಯ ತನಕ ಹೋಗಲಿಲ್ಲ. ಕಿವಿಗೆ ಸಿಕ್ಕಿತು. ಕಿವಿಯನ್ನೇ ಸವರಿದರು.

ಮಧ್ಯಾಹ್ನ ಕುರಿ ಮೇಯಿಸೋ ಹೆಂಗಸೊಬ್ಬಳು ಆ ಕಡೆ ಬಂದವಳು ನೋಡಿ ಜನ ಕರೆದಳು. ಇಬ್ಬರನ್ನೂ ಎತ್ತಿ ಮಲಗಿಸಿದರು. ಎತ್ತಿದವರು ಪಾದ ಮುಟ್ಟಿ ನಮಸ್ಕಾರ ಮಾಡಿ, ಕೈ ತೊಳೆದುಕೊಂಡು ಹೋದರು.

“ಪೇಟೆಗೆ ಹೋಗೋಣ,” ಅಂದರು ಬುದ್ಧಿ.

“ಯಾವುದಕ್ಕೆ?”

“ಮೊದಲನೆಯದಕ್ಕೇ. ಅಲ್ಲಿ ಮುಚ್ಚಳವಾದರೂ ಇದೆ.”

ಗವಿಯಪ್ಪ ಗೋಡೆ ಕಡೆ ತಿರುಗಿದ.

“ಹೇಳಪ್ಪ,” ಅಂದರು ಬುದ್ಧಿ. “ನೀನು ಹೇಳದೆ ಹೋಗಲ್ಲ ಅಂದಿದ್ದೀನಿ.”

“ನನ್ನ ಕೈಲಿ ಆಗಲ್ಲ.”

“ಹೇಳು.”

“ಚೆನ್ನಾಗಿದೆ ಬುದ್ಧಿ.” ಗೋಡೆಗೆ ಹೇಳಿದ ಹಾಗಿತ್ತು.

“ಸರಿ,” ಅಂದರು ಬುದ್ಧಿ.

ಅವನ ಉತ್ತರವನ್ನು ಅವರು ಸರಿ ಅಂದದ್ದು ಅದೇ ಮೊದಲು.

ವೃದ್ಧಾಶ್ರಮದಲ್ಲಿ ಮ್ಯಾನೇಜರು ಬಾಗಿಲಿಗೇ ಬಂದು ಕೈ ಮುಗಿದರು. “ಇಲ್ಲಿ ಮನೆಯ ಥರಾನೇ ಸ್ವಾಮೀಜಿ.” ಬುದ್ಧಿಯೂ ಕೈ ಮುಗಿದರು. ಸಾಲಿನ ಕೊನೆಯ ಮಂಚ ಕೊಟ್ಟರು. ಪಕ್ಕದ ಮಂಚದ ಮುದುಕರು ತಿರುಗಿ ನೋಡಿ, ಮತ್ತೆ ಟಿವಿ ಕಡೆ ತಿರುಗಿದರು. ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಬರುತ್ತಿತ್ತು.

ಗವಿಯಪ್ಪ ದಿಂಬು ಸರಿ ಮಾಡಿದ. ಕಂಬಳಿ ಸರಿ ಮಾಡಿದ. ಸರಿಯಾಗಿದ್ದ ಕಂಬಳಿಯನ್ನು ಕೆದರಿ ಮತ್ತೆ ಸರಿ ಮಾಡಿದ. ಹೋಗೋಕೆ ಕಾಲೇ ಬರಲಿಲ್ಲ.

“ಭಾನುವಾರ ಬರ್ತೀನಿ ಬುದ್ಧಿ. ಮೊದಲ ಬಸ್ಸಿಗೇ.”

“ದಿನ ಹೇಳಬೇಡ.”

ಗವಿಯಪ್ಪನ ಕಣ್ಣು ಮಿಂಚಿತು. ಬಗ್ಗಿ ಕಿವಿಯಲ್ಲಿ ಹೇಳಿದ: “ಗೊತ್ತಾಯ್ತು ಬುದ್ಧಿ. ಹೇಳದೆ ಕೇಳದೆ ಬರ್ತೀನಿ. ಇವರಿಗೆ ತಯಾರಾಗೋಕೆ ಟೈಮೇ ಕೊಡಲ್ಲ.”

“ಇವರಿಗೋಸ್ಕರ ಅಲ್ಲ ಕಣಪ್ಪ,” ಅಂದರು ಬುದ್ಧಿ. “ದಿನ ಹೇಳಿ ಹೋದರೆ ನಾನು ಕಾಯೋಕೆ ಶುರು ಮಾಡ್ತೀನಿ.”