ಗುಲಾಬಿ ಕಳಿಸಿದವರು ಹೊರಡಬೇಕು

ದಾವಣಗೆರೆಯ ಓ ನೆಗೆಟಿವ್ ರಕ್ತದಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಶುಭೋದಯದ ಹೂಗಳದ್ದೇ ಕಾಟ. ರಕ್ತ ಬೇಕೆಂಬ ಸಂದೇಶ ಅವುಗಳ ನಡುವೆ ಕಾಣದೇ ಹೋಗುತ್ತಿತ್ತು. ಅಡ್ಮಿನ್ ಗೌರಮ್ಮ ಬಸ್ ಕಂಡಕ್ಟರ್. ಹೂ ಬೇಡವೆಂದು ಅವರು ಎಷ್ಟು ಬೇಡಿಕೊಂಡರೂ ದಾನಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ತಹಶೀಲ್ದಾರ್ ಮುರಿಗೆಪ್ಪನವರು ಕೇಳಲಿಲ್ಲ.

"ನನಗೆ ನಿಯಮ ಹೇಳೋಕೆ ನೀನ್ಯಾರಮ್ಮ?" ಎಂದು ದಿನಾ ಗುಲಾಬಿ ಕಳಿಸಿದರು.

ಗೌರಮ್ಮ ನಿಯಮವನ್ನೇ ಬದಲಿಸಿದರು: "ಹೂ ಕಳಿಸಬಹುದು. ಆದರೆ ರಕ್ತದ ಕರೆಯ ಕೆಳಗೆ ಹೂ ಬಂದರೆ, ಕಳಿಸಿದವರು ರಕ್ತ ಕೊಡಲು ಹೊರಟರೆಂದೇ ಲೆಕ್ಕ."

ಅಧ್ಯಕ್ಷರಲ್ಲವೇ, ಅದನ್ನು ಓದಲಿಲ್ಲ. ಮರುದಿನ ಬಾಣಂತಿಯೊಬ್ಬಳಿಗೆ ರಕ್ತ ಬೇಕಾಯಿತು. ಆ ಕರೆಯ ಕೆಳಗೇ ಅವರ ಗುಲಾಬಿ ಬಂತು.

ಗೌರಮ್ಮ ಫೋನ್ ಮಾಡಿದರು. "ಸಾರ್, ಆಕೆಯ ಗಂಡ ಆಸ್ಪತ್ರೆ ಗೇಟಲ್ಲಿ ನಿಮ್ಮ ದಾರಿ ಕಾಯ್ತಿದ್ದಾನೆ."

"ನಾನೆಲ್ಲಿ ಬರ್ತೀನಿ ಅಂದೆ? ಬೆಳಗಿನ ನಮಸ್ಕಾರ ಕಣಮ್ಮ ಅದು!"

"ಹಾಗಾದ್ರೆ ಬರಲ್ಲ ಅಂತ ನೀವೇ ಅವನಿಗೆ ಹೇಳ್ಬಿಡಿ. ನಂಬರ್ ಕೊಡ್ಲಾ?"

ಮುರಿಗೆಪ್ಪ ಗೊಣಗುತ್ತಲೇ ಚಪ್ಪಲಿ ಮೆಟ್ಟಿದರು.

ಗ್ರೂಪಿನಲ್ಲಿ ಹೂಗಳು ನಿಂತೇಹೋದವು. ನಾಲ್ಕು ತಿಂಗಳ ಮೇಲೆ ಮತ್ತೊಂದು ಕರೆಯ ಕೆಳಗೆ ಅದೇ ಗುಲಾಬಿ ಕಾಣಿಸಿತು. ಗೌರಮ್ಮ ಅಳುಕುತ್ತಾ ಫೋನ್ ಮಾಡಿದರು.

"ಸಾರ್, ಕೈತಪ್ಪಿ ಬಂತಾ?"

"ಇಲ್ಲಮ್ಮ, ಆಟೋ ಹತ್ತಿದೀನಿ. ಗೇಟಲ್ಲಿ ಯಾರು ಕಾಯ್ತಿದ್ದಾರೆ, ಅದನ್ನ ಹೇಳು."